ಸರ್ವರ್‌ನಲ್ಲಿ ಅಳಿಸಿದ ಬ್ರಾಂಚ್ ನನ್ನಲ್ಲಿ ಇನ್ನೂ ಯಾಕಿದೆ?

"ಅಕ್ಕಾ, ನಿಮ್ಮ ತೂಕ-ಚೀಟಿ ಬ್ರಾಂಚ್ ಇನ್ನೂ ಐತಿ ಏನ್ರೀ?"

"ಅದನ್ನ ಅಳಿಸಿ ಹದಿನೈದ್ ದಿನಾ ಆತಲ್ಲೋ ತಮ್ಮಾ."

"ನನ್ನ ಕಡೆ ಇನ್ನೂ ತೋರಸಾಕತ್ತೈತ್ರೀ."

ಕೋಡಿನ ಬದಲಾವಣೆಗಳ ದಾಖಲೆ ಇಡುವ ಗಿಟ್ ಎಂಬ ಸಾಫ್ಟ್‌ವೇರ್‌ನಲ್ಲಿ ಮೂವರು ನಾಲ್ವರು ಸೇರಿ ಕೆಲಸ ಮಾಡುವ ಯಾವ ತಂಡದ ವಾಟ್ಸಾಪ್ ಗುಂಪಿನಲ್ಲೂ ಈ ಮಾತು ಒಂದಲ್ಲ ಒಂದು ದಿನ ಬಂದೇ ಬರುತ್ತದೆ. ಇಬ್ಬರೂ ಹೇಳುತ್ತಿರುವುದು ನಿಜ. ಆಕೆ ಸರ್ವರ್‌ನಲ್ಲಿ ಬ್ರಾಂಚ್ (ಮುಖ್ಯ ಕೋಡಿನಿಂದ ಕವಲೊಡೆದ ಕೆಲಸದ ದಾರಿ) ಅಳಿಸಿದ್ದೂ ಹೌದು, ಇವನ ಕಂಪ್ಯೂಟರ್‌ನಲ್ಲಿ ಅದು ಕಾಣುತ್ತಿರುವುದೂ ಹೌದು. ಇದು ಯಾಕೆ ಹೀಗೆ ಎಂದು ಒಮ್ಮೆ ತಿಳಿದುಬಿಟ್ಟರೆ ರಿಮೋಟ್, ಅಂದರೆ ಸರ್ವರ್‌ನ, ಬ್ರಾಂಚ್‌ಗಳ ಬಗ್ಗೆ ಇರುವ ಮುಕ್ಕಾಲು ಗೊಂದಲ ಕರಗುತ್ತದೆ. ಆಜ್ಞೆಗಳ ಪಟ್ಟಿ ಬಾಯಿಪಾಠ ಮಾಡುವ ಅಗತ್ಯವೂ ಬೀಳುವುದಿಲ್ಲ.

ಮಾತಿಗೆ ಒಂದು ತಂಡವನ್ನು ಕಲ್ಪಿಸಿಕೊಳ್ಳೋಣ. ಒಬ್ಬ ಬೆಳಗಾವಿಯ ಟಿಳಕವಾಡಿಯಲ್ಲಿದ್ದಾನೆ, ಇನ್ನೊಬ್ಬ ಬಾಗಲಕೋಟೆಯ ನವನಗರದಲ್ಲಿ, ಮೂರನೆಯಾಕೆ ವಿಜಯಪುರದಲ್ಲಿ. ವಿಟಿಯು ಕಾಲೇಜಿನ ಕೊನೆಯ ವರ್ಷದ ಪ್ರಾಜೆಕ್ಟ್ ಆಗಿ ಶುರುವಾದದ್ದು ಈಗ ದುಡ್ಡು ಬರುವ ಕೆಲಸವಾಗಿದೆ. ರೈತರು ಒಣದ್ರಾಕ್ಷಿ ತಂದಿಡುವ ಕೋಲ್ಡ್ ಸ್ಟೋರೇಜ್ ಒಂದಕ್ಕೆ ಲೆಕ್ಕದ ಸಾಫ್ಟ್‌ವೇರ್ ಮಾಡಿಕೊಡಬೇಕು. ತೂಕದ ಚೀಟಿ ಮುದ್ರಿಸುವ ಭಾಗ ವಿಜಯಪುರದಾಕೆಯದು, ತಿಂಗಳ ಬಾಡಿಗೆ ಲೆಕ್ಕ ಬಾಗಲಕೋಟೆಯವನದು, ಎಲ್ಲವನ್ನೂ ಜೋಡಿಸುವುದು ಬೆಳಗಾವಿಯವನ ಪಾಲಿನದು. ಕೋಡ್ ಇರುವುದು ಗಿಟ್‌ಹಬ್‌ನಲ್ಲಿ, ಅಂದರೆ ಗಿಟ್ ಪ್ರಾಜೆಕ್ಟ್‌ಗಳನ್ನು ಇಡುವ ಜಾಲತಾಣದ ಸರ್ವರ್‌ನಲ್ಲಿ. (ಆಜ್ಞೆಗಳನ್ನೂ ಬ್ರಾಂಚ್ ಹೆಸರುಗಳನ್ನೂ ಇಲ್ಲಿ ಓದಿದ ಹಾಗೇ ಕನ್ನಡದಲ್ಲಿ ಬರೆದಿದ್ದೇನೆ. ಆಜ್ಞೆಯನ್ನು ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳೇ ಬೇಕು.)

ಗಿಟ್ ಹುಟ್ಟಿದ್ದು 2005ರ ಏಪ್ರಿಲ್‌ನಲ್ಲಿ. ಲಿನಕ್ಸ್ ಕರ್ನಲ್ ಬರೆಯುವವರಿಗೆ ಅಲ್ಲಿಯವರೆಗೆ ಬಿಟ್‌ಕೀಪರ್ ಎಂಬ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತಿತ್ತು. ಆ ಸೌಲಭ್ಯ ನಿಂತುಹೋದಾಗ ಲಿನಸ್ ಟೊರ್ವಾಲ್ಡ್ಸ್ ತಾವೇ ಒಂದನ್ನು ಬರೆಯಲು ಕೂತರು. ಲೋಕದ ಮೂಲೆಮೂಲೆಯಲ್ಲಿ ಕೂತು ಕೆಲಸ ಮಾಡುವವರಿಗಾಗಿ ಮಾಡಿದ್ದರಿಂದ ಪ್ರತಿಯೊಬ್ಬರ ಹತ್ತಿರವೂ ರೆಪೊದ (ಪ್ರಾಜೆಕ್ಟ್‌ನ ಕೋಡ್ ಭಂಡಾರದ) ಪೂರ್ತಿ ಇತಿಹಾಸ ಇರುವಂತೆ ಅದನ್ನು ಕಟ್ಟಿದರು. ಕಮಿಟ್ ಮಾಡುವುದು (ಆವರೆಗಿನ ಬದಲಾವಣೆಯನ್ನು ದಾಖಲಿಸುವುದು), ಹಳೆಯ ಕಮಿಟ್ ನೋಡುವುದು, ಬ್ರಾಂಚ್ ಬದಲಿಸುವುದು, ಮರ್ಜ್ ಮಾಡುವುದು (ಒಂದು ಬ್ರಾಂಚನ್ನು ಇನ್ನೊಂದಕ್ಕೆ ಸೇರಿಸುವುದು), ಯಾವುದಕ್ಕೂ ನೆಟ್ ಬೇಡ. ಸರ್ವರ್ ಜತೆ ಮಾತಾಡುವ ಆಜ್ಞೆಗಳು ದಿನಬಳಕೆಯಲ್ಲಿ ಬೆರಳೆಣಿಕೆಯಷ್ಟು: ಕ್ಲೋನ್ (ರೆಪೊವನ್ನು ಮೊದಲ ಸಲ ಇಳಿಸಿಕೊಳ್ಳುವುದು), ಫೆಚ್ ಮತ್ತು ಪುಲ್ (ಹೊಸದನ್ನು ತರುವುದು), ಪುಷ್ (ನಮ್ಮದನ್ನು ಕಳಿಸುವುದು). ಇವುಗಳಲ್ಲಿ ಒಂದನ್ನು ನೀವು ಕೊಡುವವರೆಗೆ ಗಿಟ್ ತಾನಾಗಿ ಸರ್ವರ್ ಕಡೆ ತಲೆ ಹಾಕುವುದಿಲ್ಲ.

ಹಾಗಾದರೆ ಮೊದಲ ಮಾತುಕತೆಯಲ್ಲಿ ವಿಜಯಪುರದ ಅಕ್ಕನನ್ನು ಕೇಳಿದ ಬಾಗಲಕೋಟೆಯವನಿಗೆ ಕಾಣುತ್ತಿರುವ "ಒರಿಜಿನ್/ತೂಕ-ಚೀಟಿ" (ಒರಿಜಿನ್ ಎಂಬುದು ಸರ್ವರ್‌ನ ಹೆಸರು) ಎಲ್ಲಿದೆ? ಅವನ ಸ್ವಂತ ಲ್ಯಾಪ್‌ಟಾಪ್‌ನಲ್ಲಿದೆ.

ಪ್ರಾಜೆಕ್ಟ್ ಫೋಲ್ಡರ್ ಒಳಗೆ ಚುಕ್ಕಿಯಿಂದ ಶುರುವಾಗುವ, ಸಾಮಾನ್ಯವಾಗಿ ಕಣ್ಣಿಗೆ ಬೀಳದ "ಡಾಟ್ ಗಿಟ್" ಎಂಬ ಫೋಲ್ಡರ್ ಇರುತ್ತದೆ. ಅದರೊಳಗೆ "ರೆಫ್ಸ್", ಅದರೊಳಗೆ ಮತ್ತೆ "ಹೆಡ್ಸ್" ಮತ್ತು "ರಿಮೋಟ್ಸ್". ಹೆಡ್ಸ್‌ನಲ್ಲಿ ನಿಮ್ಮ ಸ್ವಂತ ಬ್ರಾಂಚ್‌ಗಳಿವೆ. ರಿಮೋಟ್ಸ್ ಒಳಗೆ ಒರಿಜಿನ್, ಅದರೊಳಗೆ ಸರ್ವರ್‌ನಲ್ಲಿ ಕಂಡ ಬ್ರಾಂಚ್‌ಗಳ ಹೆಸರು. ಯಾವುದನ್ನೇ ನೋಟ್‌ಪ್ಯಾಡ್‌ನಲ್ಲಿ ತೆರೆದರೂ ಸಿಗುವುದು ಒಂದೇ ಸಾಲು: ಒಂದು ಕಮಿಟ್‌ನ 40 ಅಕ್ಷರದ ಗುರುತು. ಸಾಲು ಮುಗಿಯಿತು ಎಂಬ ಕಾಣದ ಚಿಹ್ನೆಯೂ ಸೇರಿ 41 ಬೈಟ್. ಗಿಟ್‌ನಲ್ಲಿ ಬ್ರಾಂಚ್ ಎಂದರೆ ಇಷ್ಟೇ, ಕೋಡಿನ ಇನ್ನೊಂದು ನಕಲು ಅಲ್ಲ. ಸಾವಿರ ಫೈಲ್ ಇರುವ ಪ್ರಾಜೆಕ್ಟ್‌ನಲ್ಲೂ ಹೊಸ ಬ್ರಾಂಚ್ ಕಣ್ಣುಮುಚ್ಚಿ ಬಿಡುವುದರಲ್ಲಿ ಆಗುವುದು ಇದೇ ಕಾರಣಕ್ಕೆ. (ಕೆಲವೊಮ್ಮೆ ಈ ಸಣ್ಣ ಫೈಲ್‌ಗಳು ಅಲ್ಲಿ ಸಿಗದಿದ್ದರೆ ಗಾಬರಿ ಬೇಡ, ಗಿಟ್ ಆಗಾಗ ಅವನ್ನೆಲ್ಲ "ಪ್ಯಾಕ್ಡ್-ರೆಫ್ಸ್" ಎಂಬ ಒಂದೇ ಫೈಲಿಗೆ ತುಂಬಿಡುತ್ತದೆ.)

ಅಂದರೆ ತೂಕ-ಚೀಟಿ ಎಂಬ ಒಂದೇ ಹೆಸರು ಮೂರು ಕಡೆ ಇರಬಹುದು. ಗಿಟ್‌ಹಬ್‌ನಲ್ಲಿ ಒಂದು. ನಿಮ್ಮ ಯಂತ್ರದಲ್ಲಿ ನೀವು ಕೆಲಸ ಮಾಡುವ ಬ್ರಾಂಚ್ ಒಂದು. ಅದೇ ಯಂತ್ರದಲ್ಲಿ "ಒರಿಜಿನ್/ತೂಕ-ಚೀಟಿ", ಅಂದರೆ ಕೊನೆಯ ಸಲ ಕೇಳಿದಾಗ ಗಿಟ್‌ಹಬ್‌ನಲ್ಲಿ ಏನಿತ್ತು ಎಂಬ ಟಿಪ್ಪಣಿ. ಈ ಮೂರನೆಯದನ್ನು ರಿಮೋಟ್-ಟ್ರ್ಯಾಕಿಂಗ್ ಬ್ರಾಂಚ್ ಎನ್ನುತ್ತಾರೆ. ಹೆಸರಿನಲ್ಲಿ ರಿಮೋಟ್ ಇದೆ, ವಸ್ತು ಮಾತ್ರ ಮನೆಯದೇ.

ಮಳೆಗಾಲದಲ್ಲಿ ನಮ್ಮ ಕಡೆಯ ಪತ್ರಿಕೆಗಳಲ್ಲಿ ಆಲಮಟ್ಟಿ ಜಲಾಶಯದ ನೀರಿನ ಮಟ್ಟ ದಿನಾ ಬರುತ್ತದಲ್ಲ, ಗರಿಷ್ಠ 519.60 ಮೀಟರ್, ಇಂದಿನದು ಇಷ್ಟು ಎಂದು. ಮುದ್ರಣ ಆದ ಗಳಿಗೆಯಿಂದ ಆ ಅಂಕಿ ಹಾಗೇ ಇರುತ್ತದೆ, ಅತ್ತ ಕೃಷ್ಣೆ ಏರಲಿ ಇಳಿಯಲಿ. ಒರಿಜಿನ್/ಮೇನ್, ಅಂದರೆ ಸರ್ವರ್‌ನ ಮುಖ್ಯ ಬ್ರಾಂಚ್ ಆದ ಮೇನ್‌ನ ಟಿಪ್ಪಣಿ, ಅಂಥ ಮುದ್ರಿತ ಅಂಕಿ. ಹೊಸ ಅಂಕಿ ಬೇಕೆಂದರೆ ಕೇಳಬೇಕು, ಕೇಳುವ ಆಜ್ಞೆ "ಗಿಟ್ ಫೆಚ್".

ಫೆಚ್ ಕೊಟ್ಟಾಗ ಗಿಟ್ ಸರ್ವರ್‌ಗೆ ಹೋಗಿ ಅಲ್ಲಿನ ಬ್ರಾಂಚ್‌ಗಳ ಪಟ್ಟಿ ತರುತ್ತದೆ, ನಮ್ಮಲ್ಲಿ ಇಲ್ಲದ ಕಮಿಟ್‌ಗಳನ್ನು ಇಳಿಸಿಕೊಳ್ಳುತ್ತದೆ, ಒರಿಜಿನ್ ಅಡಿಯ ಟಿಪ್ಪಣಿಗಳನ್ನು ತಿದ್ದುತ್ತದೆ. ನೀವು ಕೆಲಸ ಮಾಡುತ್ತಿರುವ ಬ್ರಾಂಚ್‌ಗೆ ಕೈ ಹಚ್ಚುವುದಿಲ್ಲ. ಅರ್ಧ ಬರೆದ ಕೋಡ್ ಇದ್ದರೂ, ತಲೆ ಕೆಟ್ಟು ಕೂತಿದ್ದರೂ, ಫೆಚ್ ಕೊಟ್ಟರೆ ಏನೂ ಕೆಡುವುದಿಲ್ಲ. ಹೊಸಬರು ಫೆಚ್‌ಗೆ ಹೆದರಿ ಪುಲ್ ಅನ್ನು ಧೈರ್ಯವಾಗಿ ಒತ್ತುವುದನ್ನು ನೋಡಿದರೆ ನನಗೆ ಸೋಜಿಗ, ಹೆದರಬೇಕಾದದ್ದು ಅದರ ತಿರುವುಮುರುವು. ಪುಲ್ ಎಂದರೆ ಮೊದಲು ಫೆಚ್, ಅದರ ಬೆನ್ನಿಗೇ ಮರ್ಜ್ ಅಥವಾ ರಿಬೇಸ್ (ನಿಮ್ಮ ಕಮಿಟ್‌ಗಳನ್ನು ಬಂದದ್ದರ ತುದಿಗೆ ಹೊಸದಾಗಿ ಜೋಡಿಸುವುದು). ನಿಮ್ಮ ಬ್ರಾಂಚ್ ಅಲ್ಲಾಡುವುದು ಆ ಎರಡನೇ ಹೆಜ್ಜೆಯಲ್ಲಿ. ಬಂದದ್ದೇನು ಎಂದು ನೋಡಿ ಆಮೇಲೆ ಸೇರಿಸಿಕೊಳ್ಳುವ ರೂಢಿ ಇದ್ದವರಿಗೆ ಫೆಚ್ ಸಾಕು. ಪುಲ್ ಬೇಕೇ ಬೇಕು ಎನ್ನುವವರು "--ಎಫ್ಎಫ್-ಓನ್ಲಿ" ಸೇರಿಸಿದರೆ ಸರಳವಾಗಿ ಮುಂದೆ ಸರಿಯಲು ಸಾಧ್ಯವಿದ್ದಾಗ ಮಾತ್ರ ಸರಿಯುತ್ತದೆ, ಇಲ್ಲದಿದ್ದರೆ ನಿಂತು ಹೇಳುತ್ತದೆ.

ಇಲ್ಲಿಯೇ ಇನ್ನೊಂದು ಮೋಸವಿದೆ. "ಗಿಟ್ ಸ್ಟೇಟಸ್" ಕೊಟ್ಟರೆ ನಿಮ್ಮ ಬ್ರಾಂಚ್ ಒರಿಜಿನ್/ಮೇನ್ ಜತೆ ಸರಿಸಮವಾಗಿದೆ ಎಂಬ ಸಂದೇಶ ಬರುತ್ತದೆ. ಬೆಳಗಾವಿಯವನು ಅದನ್ನು ಓದಿ, "ಎಲ್ಲಾ ಬರೋಬರಿ ಐತಿ" ಎಂದು ಸಮಾಧಾನ ಪಡುತ್ತಾನೆ. ಆದರೆ ಸ್ಟೇಟಸ್ ಹೋಲಿಸಿದ್ದು ಅವನದೇ ಯಂತ್ರದ ಎರಡು ಟಿಪ್ಪಣಿಗಳನ್ನು. ಸೋಮವಾರ ಫೆಚ್ ಮಾಡಿ ಗುರುವಾರ ಸ್ಟೇಟಸ್ ಕೇಳಿದರೆ ಸಿಗುವುದು ಸೋಮವಾರದ ಉತ್ತರ. ಸರ್ವರ್‌ನಲ್ಲಿ ಈ ಕ್ಷಣ ಏನಿದೆ ಎಂದು ಏನನ್ನೂ ಇಳಿಸಿಕೊಳ್ಳದೆ ನೋಡಬೇಕಾದರೆ "ಗಿಟ್ ಎಲ್‌ಎಸ್-ರಿಮೋಟ್ ಒರಿಜಿನ್" ಇದೆ, ಅದು ನೇರ ಹೋಗಿ ಕೇಳಿ ಬರುತ್ತದೆ.

ಅಂದಹಾಗೆ "ಒರಿಜಿನ್" ಎಂಬುದರಲ್ಲಿ ವಿಶೇಷವೇನೂ ಇಲ್ಲ. ಕ್ಲೋನ್ ಮಾಡಿದಾಗ ಆ ವಿಳಾಸಕ್ಕೆ ಗಿಟ್ ತಾನೇ ಇಡುವ ಹೆಸರು ಅದು. ಬೇರೆಯವರ ರೆಪೊವನ್ನು ಫೋರ್ಕ್ ಮಾಡಿ, ಅಂದರೆ ಸರ್ವರ್‌ನಲ್ಲೇ ತಮ್ಮದೊಂದು ನಕಲು ಮಾಡಿಕೊಂಡು, ಕೆಲಸ ಮಾಡುವವರ ಬಳಿ ಎರಡು ರಿಮೋಟ್ ಇರುತ್ತವೆ, ತಮ್ಮ ಫೋರ್ಕ್‌ಗೆ ಒರಿಜಿನ್, ಮೂಲಕ್ಕೆ ಅಪ್‌ಸ್ಟ್ರೀಮ್ ಎನ್ನುವುದು ಪದ್ಧತಿ. "ಗಿಟ್ ರಿಮೋಟ್ -ವಿ" ಎಲ್ಲವನ್ನೂ ತೋರಿಸುತ್ತದೆ.

ಈಗ ಬಾಗಲಕೋಟೆಯವನು "ಬಾಡಿಗೆ-ಲೆಕ್ಕ" ಎಂಬ ಹೊಸ ಬ್ರಾಂಚ್ ಮಾಡಿ ಮೊದಲ ಸಲ ಪುಷ್ ಕೊಡುತ್ತಾನೆ. ಗಿಟ್ ತಕರಾರು ಮಾಡುತ್ತದೆ: ಈ ಬ್ರಾಂಚ್‌ಗೆ ಅಪ್‌ಸ್ಟ್ರೀಮ್ ಇಲ್ಲ. ಇಲ್ಲಿ ಅಪ್‌ಸ್ಟ್ರೀಮ್ ಎಂದರೆ ಮೇಲೆ ಹೇಳಿದ ರಿಮೋಟ್ ಅಲ್ಲ, ಸರ್ವರ್‌ನಲ್ಲಿರುವ ಜೋಡಿ ಬ್ರಾಂಚ್; ಇವನ ಬ್ರಾಂಚ್ ಸರ್ವರ್‌ನ ಯಾವುದಕ್ಕೆ ಜೋಡಿ ಎಂದು ಗಿಟ್‌ಗೆ ಗೊತ್ತಿಲ್ಲ. "ಗಿಟ್ ಪುಷ್ -ಯು ಒರಿಜಿನ್ ಬಾಡಿಗೆ-ಲೆಕ್ಕ" ಎಂದರೆ ಕಳಿಸಿದ್ದೂ ಆಯಿತು, ಗಂಟು ಹಾಕಿದ್ದೂ ಆಯಿತು. ಮುಂದೆ ಬರಿ "ಗಿಟ್ ಪುಷ್" ಸಾಕು. ದಿನಾ ಈ ಉಸಾಬರಿ ಬೇಡವೆಂದರೆ 2022ರ 2.37 ಆವೃತ್ತಿಯಿಂದ "ಪುಷ್.ಆಟೊಸೆಟಪ್‌ರಿಮೋಟ್" ಎಂಬ ಸೆಟ್ಟಿಂಗ್ ಬಂದಿದೆ, ಅದನ್ನು ಟ್ರೂ ಮಾಡಿಬಿಡಿ. ಯಾವುದಕ್ಕೆ ಯಾವುದು ಗಂಟು ಬಿದ್ದಿದೆ, ಎಷ್ಟು ಕಮಿಟ್ ಮುಂದೆ, ಎಷ್ಟು ಹಿಂದೆ ಎಂದು ನೋಡಲು "ಗಿಟ್ ಬ್ರಾಂಚ್ -ವಿವಿ". ವಿ ಅಕ್ಷರ ಎರಡು ಸಲ. ನನ್ನ ಲೆಕ್ಕದಲ್ಲಿ ತಂಡದಲ್ಲಿ ದುಡಿಯುವವರಿಗೆ ಇದಕ್ಕಿಂತ ಉಪಯೋಗದ ಆಜ್ಞೆ ಇನ್ನೊಂದಿಲ್ಲ, ಆದರೂ ಇದನ್ನು ಯಾರೂ ಹೇಳಿಕೊಡುವುದಿಲ್ಲ.

ಇನ್ನು ಜಗಳಕ್ಕೆ ಕಾರಣವಾಗುವ ಸಂಗತಿ. ಬೆಳಗಾವಿಯವನೂ ಬಾಗಲಕೋಟೆಯವನೂ ಬಾಡಿಗೆ-ಲೆಕ್ಕದ ಮೇಲೆ ಒಟ್ಟಿಗೆ ಕೆಲಸ ಮಾಡುತ್ತಿದ್ದಾರೆ. ಬೆಳಗಾವಿಯವನು ಮಧ್ಯಾಹ್ನ ಎರಡು ಕಮಿಟ್ ಪುಷ್ ಮಾಡಿದ. ಇವನಿಗೆ ಅದು ಗೊತ್ತಿಲ್ಲ, ಸಂಜೆ ತನ್ನದನ್ನು ಪುಷ್ ಮಾಡಲು ಹೋದ. ಸರ್ವರ್ ಒಲ್ಲೆ ಎಂದಿತು. ಬ್ರಾಂಚ್‌ನ ಗುರುತನ್ನು ಇವನ ಕಮಿಟ್‌ಗೆ ಸರಿಸಿದರೆ ಬೆಳಗಾವಿಯವನ ಎರಡು ಕಮಿಟ್ ಆ ಸರಪಳಿಯಿಂದ ಹೊರಗೆ ಬೀಳುತ್ತವೆ, ಅದಕ್ಕೆ. ಇದು ದೋಷವಲ್ಲ, ಕಾವಲು. ಮಾಡಬೇಕಾದದ್ದು ಫೆಚ್ ಕೊಟ್ಟು, ಬಂದದ್ದರ ಮೇಲೆ ತನ್ನದನ್ನು ರಿಬೇಸ್ ಅಥವಾ ಮರ್ಜ್ ಮಾಡಿ, ಮತ್ತೆ ಪುಷ್ ಕೊಡುವುದು.

ಆದರೆ ಸಂಜೆ ಏಳು ಗಂಟೆಗೆ, ಮರುದಿನ ಗೈಡ್‌ಗೆ ತೋರಿಸಬೇಕಾದಾಗ, ನೆಟ್‌ನಲ್ಲಿ ಹುಡುಕಿದರೆ ಸಿಗುವ ಉತ್ತರ "--ಫೋರ್ಸ್". ಅದನ್ನು ಕೊಟ್ಟರೆ ಸರ್ವರ್ ಬಾಯಿ ಮುಚ್ಚಿಕೊಂಡು ಒಪ್ಪುತ್ತದೆ, ಬೆಳಗಾವಿಯವನ ಮಧ್ಯಾಹ್ನದ ಕೆಲಸ ಬ್ರಾಂಚ್‌ನಿಂದ ಮಾಯ. "ಯಾರಪ್ಪಾ ನಂದು ಹಾರಿಸಿದವ್ರು?" ಎಂದು ಗುಂಪಿನಲ್ಲಿ ಮೆಸೇಜ್ ಬರುವುದು ಆಗ.

ಫೋರ್ಸ್ ಬೇಡವೇ ಬೇಡ ಎನ್ನಲಾಗದು. ತನ್ನೊಬ್ಬನದೇ ಬ್ರಾಂಚ್ ಅನ್ನು ರಿಬೇಸ್ ಮಾಡಿದ ಮೇಲೆ ಹಳೆಯ ಕಮಿಟ್‌ಗಳ ಜಾಗಕ್ಕೆ ಹೊಸವು ಬಂದಿರುತ್ತವೆ, ಆಗ ಅದಿಲ್ಲದೆ ಪುಷ್ ಆಗುವುದೇ ಇಲ್ಲ. ಅಂಥ ಹೊತ್ತಿಗೆಂದು 2013ರಲ್ಲಿ 1.8.5 ಆವೃತ್ತಿಯೊಂದಿಗೆ "--ಫೋರ್ಸ್-ವಿತ್-ಲೀಸ್" ಬಂತು. ಅದು ಸರ್ವರ್‌ಗೆ ಹೇಳುವುದಿಷ್ಟು: ನಿನ್ನಲ್ಲಿರುವ ಬ್ರಾಂಚ್ ನನ್ನ ಒರಿಜಿನ್ ಟಿಪ್ಪಣಿಯಲ್ಲಿ ಇರುವಂತೆಯೇ ಇದ್ದರೆ ಮಾತ್ರ ಬದಲಿಸು, ನಡುವೆ ಬೇರೆ ಯಾರಾದರೂ ಏನಾದರೂ ಹಾಕಿದ್ದರೆ ಬಿಟ್ಟುಬಿಡು. ಮೇಲಿನ ಕತೆಯಲ್ಲಿ ಇದನ್ನು ಕೊಟ್ಟಿದ್ದರೆ ಪುಷ್ ತಿರಸ್ಕಾರವಾಗುತ್ತಿತ್ತು, ಬೆಳಗಾವಿಯವನ ಕಮಿಟ್ ಉಳಿಯುತ್ತಿದ್ದವು.

ಇದರಲ್ಲೂ ಒಂದು ಬಿರುಕಿದೆ, ಅದು ಸಣ್ಣದಲ್ಲ. ಈ ಕಾವಲು ನಿಂತಿರುವುದು ಟಿಪ್ಪಣಿ ಹಳೆಯದಾಗಿರುತ್ತದೆ ಎಂಬ ನಂಬಿಕೆಯ ಮೇಲೆ. ಕೋಡ್ ಬರೆಯುವ ವಿಎಸ್ ಕೋಡ್ ಎಂಬ ಎಡಿಟರ್‌ನಲ್ಲಿ ಆಟೊಫೆಚ್ ಆನ್ ಮಾಡಿದ್ದೀರಿ ಎನ್ನಿ, ಅದು ಮೂರು ನಿಮಿಷಕ್ಕೊಮ್ಮೆ ನಿಮ್ಮನ್ನು ಕೇಳದೆ ಫೆಚ್ ಮಾಡುತ್ತದೆ. ಬೆಳಗಾವಿಯವನ ಕಮಿಟ್ ನಿಮ್ಮ ಒರಿಜಿನ್ ಟಿಪ್ಪಣಿಗೆ ಬಂದು ಕೂತಿದೆ, ನೀವು ಅದನ್ನು ನೋಡಿಯೂ ಇಲ್ಲ, ಸೇರಿಸಿಕೊಂಡೂ ಇಲ್ಲ. ಈಗ ಫೋರ್ಸ್-ವಿತ್-ಲೀಸ್ ಕೊಟ್ಟರೆ ಟಿಪ್ಪಣಿಯೂ ಸರ್ವರ್ರೂ ತಾಳೆಯಾಗುತ್ತವೆ, ಕಾವಲುಗಾರ ದಾರಿ ಬಿಡುತ್ತಾನೆ, ಅವನ ಕೆಲಸ ಹೋಗುತ್ತದೆ. ಈ ಸಂದು ಮುಚ್ಚಲು 2.30 ಆವೃತ್ತಿಯಲ್ಲಿ "--ಫೋರ್ಸ್-ಇಫ್-ಇನ್‌ಕ್ಲೂಡ್ಸ್" ಸೇರಿತು. ಸರ್ವರ್‌ನಲ್ಲಿರುವ ಕೊನೆಯ ಕಮಿಟ್ ನಿಮ್ಮ ಸ್ವಂತ ಬ್ರಾಂಚ್‌ಗೆ ಎಂದಾದರೂ ಸೇರಿತ್ತೇ ಎಂದು ಅದು ನಿಮ್ಮ ರೆಫ್‌ಲಾಗ್‌ನಲ್ಲಿ (ಬ್ರಾಂಚ್ ಯಾವಾಗ ಯಾವ ಕಮಿಟ್‌ನಲ್ಲಿತ್ತು ಎಂಬ ದಿನಚರಿಯಲ್ಲಿ) ಹುಡುಕುತ್ತದೆ. ಎರಡನ್ನೂ ಜತೆಗೆ ಕೊಡಬೇಕು. ಮೇನ್ ಬ್ರಾಂಚ್ ವಿಷಯಕ್ಕೆ ಬಂದರೆ ಮಾತೇ ಬೇಡ: ಗಿಟ್‌ಹಬ್‌ನಲ್ಲಾಗಲಿ ಗಿಟ್‌ಲ್ಯಾಬ್‌ನಲ್ಲಾಗಲಿ ಅದನ್ನು ಪ್ರೊಟೆಕ್ಟ್ ಮಾಡಿ, ಫೋರ್ಸ್ ಪುಷ್ ಯಾರಿಗೂ ಆಗದಂತೆ ಬೀಗ ಹಾಕಿಡಿ.

ಮತ್ತೆ ಅಳಿಸಿದ ಬ್ರಾಂಚ್‌ಗೆ ಬರೋಣ. ವಿಜಯಪುರದಾಕೆಯ ಪುಲ್ ರಿಕ್ವೆಸ್ಟ್ (ನನ್ನ ಬ್ರಾಂಚನ್ನು ಮೇನ್‌ಗೆ ಸೇರಿಸಿ ಎಂಬ ಗಿಟ್‌ಹಬ್ ಕೋರಿಕೆ) ಮರ್ಜ್ ಆಯಿತು, ಆಕೆ ಗಿಟ್‌ಹಬ್‌ನಲ್ಲಿ ಅಳಿಸುವ ಗುಂಡಿ ಒತ್ತಿದಳು. ಟರ್ಮಿನಲ್‌ನಿಂದಾದರೆ "ಗಿಟ್ ಪುಷ್ ಒರಿಜಿನ್ --ಡಿಲೀಟ್ ತೂಕ-ಚೀಟಿ" ಎನ್ನಬಹುದಿತ್ತು. ಅಳಿಸುವುದಕ್ಕೂ ಪುಷ್ಷೇ ಯಾಕೆಂದರೆ ನಮ್ಮ ಯಂತ್ರದಿಂದ ಸರ್ವರ್‌ನ ಗುರುತನ್ನು ಬದಲಿಸುವ ಯಾವುದೇ ಕೆಲಸ ಪುಷ್ ಮೂಲಕವೇ ಆಗಬೇಕು. ಇದರಿಂದ ಮೂರರಲ್ಲಿ ಒಂದು ಹೋಯಿತು, ಸರ್ವರ್‌ನದು. ಆಕೆಯ ಯಂತ್ರದ ಸ್ವಂತ ಬ್ರಾಂಚ್ ಇದೆ. ಉಳಿದಿಬ್ಬರ ಯಂತ್ರದಲ್ಲಿ ಟಿಪ್ಪಣಿಗಳೂ ಇವೆ. ಬರಿ ಫೆಚ್ ಕೊಟ್ಟರೆ ಅವು ಹೋಗುವುದಿಲ್ಲ. ಫೆಚ್ ಹೊಸದನ್ನು ತರುತ್ತದೆ, ಬದಲಾದದ್ದನ್ನು ತಿದ್ದುತ್ತದೆ, ಸರ್ವರ್‌ನಲ್ಲಿ ಇಲ್ಲವಾದದ್ದನ್ನು ಮಾತ್ರ ಹಾಗೇ ಬಿಡುತ್ತದೆ. ನಿಮಗೆ ಇನ್ನೂ ಬೇಕಿರಬಹುದು ಎಂಬ ಮುನ್ನೆಚ್ಚರಿಕೆ.

ತೆಗೆಯಬೇಕೆಂದರೆ "ಗಿಟ್ ಫೆಚ್ --ಪ್ರೂನ್". ಸರ್ವರ್‌ನಲ್ಲಿ ಇಲ್ಲದ ಬ್ರಾಂಚ್‌ಗಳ ಟಿಪ್ಪಣಿಗಳನ್ನು ಅದು ಕಿತ್ತುಹಾಕುತ್ತದೆ. ಏನೇನು ಹೋಗಲಿದೆ ಎಂದು ಮೊದಲು ನೋಡಬೇಕಿದ್ದರೆ "ಗಿಟ್ ರಿಮೋಟ್ ಪ್ರೂನ್ ಒರಿಜಿನ್ --ಡ್ರೈ-ರನ್". "ಫೆಚ್.ಪ್ರೂನ್" ಸೆಟ್ಟಿಂಗ್ ಟ್ರೂ ಮಾಡಿದರೆ ಪ್ರತಿ ಫೆಚ್‌ನಲ್ಲೂ ತಾನಾಗಿ ಆಗುತ್ತದೆ. ನಾನಂತೂ ಹಾಗೇ ಇಟ್ಟುಕೊಂಡಿದ್ದೇನೆ.

ಪ್ರೂನ್ ನಿಮ್ಮ ಸ್ವಂತ ಬ್ರಾಂಚ್‌ಗಳನ್ನು ಮುಟ್ಟುವುದಿಲ್ಲ. ಬೆಳಗಾವಿಯವನು ಪರೀಕ್ಷಿಸಿ ನೋಡಲೆಂದು ತೂಕ-ಚೀಟಿಯನ್ನು ತನ್ನಲ್ಲಿ ಇಳಿಸಿಕೊಂಡಿದ್ದರೆ ಅದು ಉಳಿದೇ ಇರುತ್ತದೆ, "ಬ್ರಾಂಚ್ -ವಿವಿ"ಯಲ್ಲಿ ಅದರ ಪಕ್ಕ "ಗಾನ್" ಎಂದು ಕಾಣುತ್ತದೆ. ಗಂಟು ಹಾಕಿದ್ದ ಇನ್ನೊಂದು ತುದಿ ಇಲ್ಲವಾಗಿದೆ ಎಂದರ್ಥ. ಅಳಿಸಲು "ಗಿಟ್ ಬ್ರಾಂಚ್ -ಡಿ", ಸಣ್ಣ ಅಕ್ಷರದ ಡಿ. ಆಗ ಗಿಟ್ ಕೆಲವೊಮ್ಮೆ ಇದು ಪೂರ್ತಿ ಮರ್ಜ್ ಆಗಿಲ್ಲ ಎಂದು ತಡೆಯುತ್ತದೆ. ಗಿಟ್‌ಹಬ್‌ನಲ್ಲಿ ಮರ್ಜ್ ಆಗಿದ್ದನ್ನು ಕಣ್ಣಾರೆ ಕಂಡವನಿಗೆ ಇದು ತಲೆಬುಡ ತಿಳಿಯುವುದಿಲ್ಲ. ಕಾರಣ ಸ್ಕ್ವಾಷ್ ಮರ್ಜ್. ಬ್ರಾಂಚ್‌ನ ಆರೇಳು ಕಮಿಟ್‌ಗಳನ್ನು ಹಿಂಡಿ ಮೇನ್‌ನಲ್ಲಿ ಒಂದೇ ಹೊಸ ಕಮಿಟ್ ಮಾಡಿದಾಗ, ಕೋಡ್ ಬಂದಿರುತ್ತದೆ, ಆದರೆ ಆ ಹಳೆಯ ಕಮಿಟ್‌ಗಳು ಮೇನ್‌ನ ಇತಿಹಾಸದಲ್ಲಿ ಇರುವುದಿಲ್ಲ. ಗಿಟ್ ನೋಡುವುದು ಕಮಿಟ್‌ಗಳನ್ನು. ಸ್ಕ್ವಾಷ್ ಆಗಿದೆ ಎಂದು ಖಾತ್ರಿಯಿದ್ದರೆ ದೊಡ್ಡ ಅಕ್ಷರದ ಡಿ ಹಾಕಿ. ಅಳಿಸುವಾಗ ಗಿಟ್ ಕೊನೆಯ ಕಮಿಟ್‌ನ ಗುರುತನ್ನು ಪರದೆಯ ಮೇಲೆ ಬರೆದು ತೋರಿಸುತ್ತದೆ. ಆ ಸಾಲನ್ನು ಕೂಡಲೇ ಒರೆಸಿಹಾಕಬೇಡಿ, "ಗಿಟ್ ಬ್ರಾಂಚ್ ತೂಕ-ಚೀಟಿ" ಎಂದು ಬರೆದು ಅದರ ಮುಂದೆ ಅದೇ ಗುರುತು ಕೊಟ್ಟರೆ ಬ್ರಾಂಚ್ ಎದ್ದು ಕೂರುತ್ತದೆ.

ಪ್ರೂನ್ ಮಾಡದಿದ್ದರೆ ಪಟ್ಟಿ ಉದ್ದವಾಗುತ್ತದೆ, ಅಷ್ಟೇ ತಾನೆ ಎನ್ನುವವರಿದ್ದಾರೆ. ಬಹುಪಾಲು ಅಷ್ಟೇ. ಆದರೆ ಒಮ್ಮೊಮ್ಮೆ ಫೆಚ್ಚೇ ನಿಲ್ಲುತ್ತದೆ. ಸರ್ವರ್‌ನಲ್ಲಿ "ತೂಕ" ಎಂಬ ಬ್ರಾಂಚ್ ಇತ್ತು, ಅದನ್ನು ಅಳಿಸಿ "ತೂಕ/ಚೀಟಿ" ಮತ್ತು "ತೂಕ/ಕಾಟಾ" ಎಂದು ಎರಡು ಮಾಡಿದರು ಎನ್ನಿ. ನಿಮ್ಮ ಡಾಟ್ ಗಿಟ್ ಒಳಗೆ "ತೂಕ" ಎಂಬ ಫೈಲ್ ಇನ್ನೂ ಕೂತಿದೆ. ಅದೇ ಜಾಗದಲ್ಲಿ ಅದೇ ಹೆಸರಿನ ಫೋಲ್ಡರ್ ಮಾಡಿ ಒಳಗೆ "ಚೀಟಿ" ಇಡಬೇಕು. ಒಂದೇ ಹೆಸರು ಫೈಲೂ ಫೋಲ್ಡರೂ ಆಗಲಾರದು. ಗಿಟ್ "ಕೆನಾಟ್ ಲಾಕ್ ರೆಫ್" ಎಂದು ಕೈ ಚೆಲ್ಲುತ್ತದೆ. ಸಂದೇಶ ನೋಡಿದರೆ ರೆಪೊ ಕೆಟ್ಟಿದೆಯೋ ಎನಿಸುತ್ತದೆ, ಹಲವರು ಫೋಲ್ಡರ್ ಪೂರ್ತಿ ಅಳಿಸಿ ಹೊಸದಾಗಿ ಕ್ಲೋನ್ ಮಾಡುತ್ತಾರೆ. ಒಂದು ಪ್ರೂನ್ ಕೊಟ್ಟಿದ್ದರೆ ಮುಗಿಯುತ್ತಿತ್ತು.

ಇದಕ್ಕೆ ಹತ್ತಿರದ ಇನ್ನೊಂದು ತೊಂದರೆ ವಿಂಡೋಸ್‌ನಲ್ಲಿ. ಇಂಗ್ಲಿಷ್‌ನ ದೊಡ್ಡಕ್ಷರ ಸಣ್ಣಕ್ಷರಗಳಷ್ಟೇ ಬೇರೆಯಾಗಿರುವ ಎರಡು ಬ್ರಾಂಚ್ ಹೆಸರುಗಳು ಸರ್ವರ್‌ನಲ್ಲಿ ಬೇರೆಬೇರೆ, ವಿಂಡೋಸ್ ಫೈಲ್ ವ್ಯವಸ್ಥೆಗೆ ಒಂದೇ. ಹೆಸರುಗಳೆಲ್ಲ ಸಣ್ಣಕ್ಷರದಲ್ಲೇ ಇರಲಿ ಎಂದು ತಂಡದಲ್ಲಿ ಮೊದಲೇ ಮಾತಾಡಿಕೊಂಡರೆ ಪ್ರಶ್ನೆ ಬರುವುದಿಲ್ಲ. ಹೆಸರಿಡುವ ಬಗ್ಗೆ ಇನ್ನುಳಿದ ನಿಯಮಗಳೆಲ್ಲ ತಂಡದ ಅಭಿರುಚಿಗೆ ಬಿಟ್ಟದ್ದು. ಬ್ರಾಂಚ್ ಎಷ್ಟು ದಿನ ಬದುಕಬೇಕು ಎನ್ನುವುದು ಅದಕ್ಕಿಂತ ಮುಖ್ಯ. ತಿಂಗಳುಗಟ್ಟಲೆ ಮೇನ್‌ನಿಂದ ದೂರ ಉಳಿದ ಬ್ರಾಂಚ್ ಅನ್ನು ಸೇರಿಸುವ ಕಷ್ಟ ಯಾವ ಆಜ್ಞೆಯಿಂದಲೂ ಹಗುರಾಗುವುದಿಲ್ಲ. ಮರ್ಜ್ ಆದ ಕೂಡಲೇ ಬ್ರಾಂಚ್ ತಾನಾಗಿ ಅಳಿಯುವ ಸೆಟ್ಟಿಂಗ್ ಗಿಟ್‌ಹಬ್‌ನಲ್ಲಿದೆ, ರೆಪೊದ ಒಡೆತನ ಇರುವವರು ಅದನ್ನು ಒಮ್ಮೆ ಆನ್ ಮಾಡಿಟ್ಟರೆ ಆಯಿತು.

ಕೊನೆಗೆ ಒಂದು ಅಪಾಯದ ಪ್ರಸಂಗ. ಯಾರೋ ಅವಸರದಲ್ಲಿ ತೂಕ-ಚೀಟಿಯ ಬದಲು ಬಾಡಿಗೆ-ಲೆಕ್ಕವನ್ನು ಸರ್ವರ್‌ನಿಂದ ಅಳಿಸಿದರು. ಅದಿನ್ನೂ ಮರ್ಜ್ ಆಗಿಲ್ಲ, ಬಾಗಲಕೋಟೆಯವನ ಲ್ಯಾಪ್‌ಟಾಪ್ ರಿಪೇರಿ ಅಂಗಡಿಯಲ್ಲಿದೆ. ಗಿಟ್‌ಹಬ್‌ನಲ್ಲಿ ಪುಲ್ ರಿಕ್ವೆಸ್ಟ್ ತೆರೆದಿದ್ದರೆ ಆ ಪುಟದಲ್ಲೇ ಬ್ರಾಂಚ್ ಮರಳಿ ತರುವ ಗುಂಡಿ ಸಿಗುತ್ತದೆ. ತೆರೆದಿಲ್ಲವಾದರೆ ಗುಂಪಿನಲ್ಲಿ ಮೊದಲು ಹಾಕಬೇಕಾದ ಮೆಸೇಜ್, "ಯಾರೂ ಪ್ರೂನ್ ಕೊಡಬ್ಯಾಡ್ರಿ." ಇಷ್ಟು ಹೊತ್ತು ಕಸ ಎಂದುಕೊಂಡಿದ್ದ ಹಳೆಯ ಟಿಪ್ಪಣಿ ಈಗ ಕೈ ಹಿಡಿಯುತ್ತದೆ. ಫೆಚ್.ಪ್ರೂನ್ ಆನ್ ಇಟ್ಟುಕೊಂಡವರು, ನನ್ನಂಥವರು, ಈ ಹೊತ್ತಿನಲ್ಲಿ ಫೆಚ್ ಕೂಡ ಕೊಡಬಾರದು, ಆಟೊಫೆಚ್ ಇದ್ದರೆ ನೆಟ್ಟೇ ಕಡಿದುಬಿಡಬೇಕು. ಯಾರ ಯಂತ್ರದಲ್ಲಿ "ಒರಿಜಿನ್/ಬಾಡಿಗೆ-ಲೆಕ್ಕ" ಇನ್ನೂ ಕಾಣುತ್ತಿದೆಯೋ ಅವರು ಮೊದಲು ಅದರಿಂದ ಒಂದು ಸ್ವಂತ ಬ್ರಾಂಚ್ ಮಾಡಿಕೊಳ್ಳಲಿ. ಅದು ಪ್ರೂನ್ ಕೈಗೆ ಸಿಗುವುದಿಲ್ಲ. ಆಮೇಲೆ ನೆಟ್ ಹಚ್ಚಿ, "ಗಿಟ್ ಪುಷ್ ಒರಿಜಿನ್ ಬಾಡಿಗೆ-ಲೆಕ್ಕ" ಎಂದರೆ ಸರ್ವರ್‌ಗೆ ಬ್ರಾಂಚ್ ವಾಪಸ್. ಕೊನೆಯ ಫೆಚ್ ಆದ ಮೇಲೆ ಬಾಗಲಕೋಟೆಯವನು ಹಾಕಿದ ಕಮಿಟ್‌ಗಳು ಮಾತ್ರ ಅದರಲ್ಲಿ ಇರುವುದಿಲ್ಲ, ಅವಕ್ಕೆ ರಿಪೇರಿ ಅಂಗಡಿಯಿಂದ ಲ್ಯಾಪ್‌ಟಾಪ್ ಬರುವವರೆಗೆ ಕಾಯಬೇಕು.